ಅಂಚು ಮಡಚುವ ಯಂತ್ರ: ತೊಗಲಿಗೆ ಯಾವುದು, ಖಣಕ್ಕೆ ಯಾವುದು?

ಗುಳೇದಗುಡ್ಡದ ಖಣ ನಮ್ಮಲ್ಲಿಗೆ ಬರುವುದೇ ಮಡಿಕೆಯಾಗಿ. ಉಡಿ ತುಂಬಲೆಂದು ತ್ರಿಕೋನಾಕಾರದಲ್ಲಿ ಮಡಚಿದ ಆ ಬಟ್ಟೆಯನ್ನು ಬಿಡಿಸಿ ಕತ್ತರಿ ಹಾಕಿದ ಗಳಿಗೆಯಿಂದ ಅಂಚಿನ ಎಳೆಗಳು ಬಿಚ್ಚಿಕೊಳ್ಳತೊಡಗುತ್ತವೆ. ತೊಗಲಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಕತ್ತರಿಸಿದ ಅಂಚು ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಮಡಚಲು ಹೋದರೆ ಮಾತ್ರ ಮುನಿಸಿಕೊಳ್ಳುತ್ತದೆ. ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಈ ಎರಡನ್ನೂ ಕೂಡಿಸಿ ಪರ್ಸು, ಕೈಚೀಲ, ಮೊಬೈಲ್ ಚೀಲಗಳನ್ನು ಹೊಲಿಯುತ್ತೇವೆ. ಅದನ್ನು ತಿಳಿದವರು ಅಥಣಿಯಿಂದ, ನಿಪ್ಪಾಣಿಯಿಂದ, ಇಳಕಲ್ಲಿನಿಂದ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ: "ಎರಡಕ್ಕೂ ಆಗುವಂಥ ಒಂದು ಅಂಚು ಮಡಚುವ ಮಿಷನ್ ಹೇಳಿರಿ."

ಅಂಥ ಯಂತ್ರ ಇಲ್ಲ. ಇದೆ ಎಂದು ಹೇಳುವ ಮಾರಾಟಗಾರರು ಇದ್ದಾರೆ. ಅವರ ಮಾತು ನಂಬಿ ಒಮ್ಮೆ ಕೈ ಸುಟ್ಟುಕೊಂಡ ಮೇಲೆ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಮಡಚುವ ಅಗತ್ಯವೇ ಇಲ್ಲದವರನ್ನು ಬದಿಗಿಡೋಣ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಅದರಲ್ಲಿ ಸೇರಿದವು. ಆ ಚಪ್ಪಲಿಯ ಅಟ್ಟೆ ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ದಪ್ಪ ತೊಗಲು. ಅದರ ಅಂಚನ್ನು ರಂಪಿಗೆಯಿಂದ, ಅಂದರೆ ತೊಗಲು ಕೊಯ್ಯುವ ಉಳಿಯಿಂದ, ಕೆತ್ತಿ, ಉಜ್ಜಿ ನುಣುಪು ಮಾಡುತ್ತಾರೆ. ಯಾರೂ ಮಡಚುವುದಿಲ್ಲ, ಮಡಚಲು ಬರುವುದೂ ಇಲ್ಲ. ಬರೀ ಇಂಥ ಚಪ್ಪಲಿ ಮಾಡುವವರು ಮಡಚುವ ಯಂತ್ರಕ್ಕೆ ದುಡ್ಡು ಹಾಕಬೇಕಾಗಿಲ್ಲ. ಬೆಲ್ಟ್ ಮಾಡುವವರಿಗೂ ಬಹುಮಟ್ಟಿಗೆ ಇದೇ ಮಾತು: ಅಂಚಿಗೆ ಬಣ್ಣ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೊಮ್ಮೆ ಹಚ್ಚಿದರೆ ಕೆಲಸ ಮುಗಿಯಿತು. ಮಡಿಕೆ ಬೇಕಾಗುವುದು ತೆಳುವಾದ ಆಡಿನ, ಕುರಿಯ ತೊಗಲಿಗೆ. ಪರ್ಸಿಗೆ, ಚೀಲದ ಮುಚ್ಚಳಕ್ಕೆ, ಶೂ ಮತ್ತು ಹೊಸ ಮಾದರಿಯ ಚಪ್ಪಲಿಗಳ ಮೇಲ್ಪಟ್ಟಿಗೆ.

ಮಡಚುವ ಮೊದಲು ಕೆತ್ತುವುದು

ನಮ್ಮಲ್ಲಿ ಅಥಣಿಯಿಂದ ಬಂದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಕಾಕಾ ಎನ್ನುತ್ತೇವೆ. ಪರ್ಸಿನ ದುಂಡು ಮೂಲೆಯೊಂದನ್ನು ಅವರು ಮಡಚುವುದನ್ನು ಹತ್ತಿರ ಕುಳಿತು ನೋಡಬೇಕು. ಕಲ್ಲಿನ ಹಲಗೆಯ ಮೇಲೆ ತೊಗಲನ್ನು ಬೋರಲು ಹಾಕಿ, ರಂಪಿಗೆಯನ್ನು ಹೆಚ್ಚುಕಡಿಮೆ ಮಲಗಿಸಿಯೇ ಅಂಚಿನುದ್ದಕ್ಕೂ ಜಾರಿಸುತ್ತಾರೆ. ಈರುಳ್ಳಿ ಸಿಪ್ಪೆಯಂಥ ಸುರುಳಿ ಏಳುತ್ತದೆ. ಸಲ್ಯೂಷನ್ (ತೊಗಲಿನ ಅಂಟು) ಹಚ್ಚಿ, ಬೆರಳ ಹಿಂಬದಿಗೆ ಅಂಟದಷ್ಟು ಒಣಗಲು ಬಿಡುತ್ತಾರೆ. ನೇರ ಭಾಗವನ್ನು ಹೆಬ್ಬೆರಳಿನಿಂದಲೇ ಮಡಚುತ್ತಾ ಬಂದು, ಮೂಲೆ ಸಿಕ್ಕಾಗ ಆರಿಯ ಮೊನೆಯಿಂದ ಒಂದೊಂದೇ ನಿರಿಗೆ ಕೂಡಿಸುತ್ತಾರೆ. ಒಂದು ಮೂಲೆಗೆ ಏಳೋ ಒಂಬತ್ತೋ ನಿರಿಗೆ. ಸೀರೆಯ ನಿರಿಗೆಯಂತೆ ಎಲ್ಲವೂ ಒಂದೇ ಬಿಂದುವಿನ ಕಡೆಗೆ ಮುಖ ಮಾಡಿರುತ್ತವೆ. ಕೊನೆಗೆ ಸುತ್ತಿಗೆಯ ನಾಲ್ಕು ಹಗುರ ಪೆಟ್ಟು. ಮುಂದಿನಿಂದ ನೋಡಿದರೆ ಮೂಲೆಯಲ್ಲಿ ಒಂದು ಗೀರೂ ಕಾಣಿಸುವುದಿಲ್ಲ.

ಇದರಲ್ಲಿ ಮಡಚುವ ಕೆಲಸಕ್ಕೆ ಹಿಡಿಯುವ ಹೊತ್ತು ಕಡಿಮೆ. ಹೆಚ್ಚು ಹೊತ್ತು ಹೋಗುವುದು ಕೆತ್ತಲಿಕ್ಕೆ. ಮಡಿಕೆಯ ಅಂದ ಹುಟ್ಟುವುದೂ ಅಲ್ಲಿಯೇ. ಲೆಕ್ಕ ಸರಳ. 1.2 ಮಿ.ಮೀ. ದಪ್ಪದ ತೊಗಲನ್ನು ಕೆತ್ತದೆ ಮಡಚಿದರೆ ಅಂಚು 2.4 ಮಿ.ಮೀ. ಆಗಿ ಉಬ್ಬಿ ನಿಲ್ಲುತ್ತದೆ, ಮೇಲೆ ಹೊಲಿಗೆ ಓಡಿಸುವಾಗ ಹೊಲಿಗೆ ಯಂತ್ರದ ಪಾದ ಜಾರುತ್ತದೆ. ಅದೇ ಅಂಚನ್ನು 0.5 ಮಿ.ಮೀ.ಗೆ ಇಳಿಸಿ ಮಡಚಿದರೆ ಎರಡು ಪದರ ಕೂಡಿ 1 ಮಿ.ಮೀ.; ಉಳಿದ ಮೈಗಿಂತ ಕೂದಲೆಳೆಯಷ್ಟು ತೆಳು. ಇನ್ನು ಅಗಲ: ಮಡಿಕೆ 5 ಮಿ.ಮೀ. ಇದ್ದರೆ ಕೆತ್ತುವುದು ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು, ಅಂದರೆ 11 ಮಿ.ಮೀ.ವರೆಗೆ. ಬರೀ 5 ಮಿ.ಮೀ. ಕೆತ್ತಿ ಬಿಟ್ಟರೆ ಮಡಿಕೆ ಬೀಳುವ ಗೆರೆಯಲ್ಲೇ ಮೆಟ್ಟಿಲು ಉಳಿಯುತ್ತದೆ, ಮುಂದಿನಿಂದ ಅದು ಏಣಿನಂತೆ ಎದ್ದು ಕಾಣುತ್ತದೆ.

ಆದ್ದರಿಂದ ನನ್ನನ್ನು ಕೇಳಿದವರಿಗೆಲ್ಲ ಹೇಳುವುದು: ಮಡಚುವ ಯಂತ್ರಕ್ಕೆ ಮೊದಲು ಸ್ಕೈವಿಂಗ್ ಯಂತ್ರ, ಅಂದರೆ ಅಂಚು ಕೆತ್ತುವ ಯಂತ್ರ ತನ್ನಿ. ಗಂಟೆಯ ಆಕಾರದ ಅಲಗು ಒಳಗೆ ತಿರುಗುತ್ತಿರುತ್ತದೆ, ಕೆಳಗಿನ ಒರಟು ಕಲ್ಲಿನ ಉರುಳೆ ತೊಗಲನ್ನು ಎಳೆದುಕೊಡುತ್ತದೆ, ಮೇಲಿನ ಪಾದ ಒತ್ತಿ ಹಿಡಿಯುತ್ತದೆ. ಪಾದದ ಓರೆ ಮತ್ತು ಎತ್ತರ ಬದಲಿಸಿ ಎಷ್ಟು ಅಗಲ, ಎಷ್ಟು ತೆಳು ಎಂದು ಹೊಂದಿಸಿಕೊಳ್ಳಬಹುದು. ಜರ್ಮನಿಯ ಫೋರ್ಟುನಾ ಇದರಲ್ಲಿ ಹಳೆಯ ಹೆಸರು. ಚೀನಾದಿಂದ ಬರುವ, 801 ಎಂಬ ಸಂಖ್ಯೆಯಲ್ಲಿ ಹತ್ತಾರು ಹೆಸರುಗಳಡಿ ಮಾರಾಟವಾಗುವ ಮಾದರಿ ಅಗ್ಗ. ನಮ್ಮ ಕೆಲಸಕ್ಕೆ ಅದು ಸಾಕಾಗಿದೆ. ಅಲಗನ್ನು ಮಸೆಯುವ ಕಲ್ಲು ಯಂತ್ರದಲ್ಲೇ ಇರುತ್ತದೆ. ಮಸೆಯುವುದನ್ನು ಮರೆತರೆ ತೆಳುವಾದ ಆಡಿನ ತೊಗಲು ಕೆತ್ತುವ ಬದಲು ಹರಿಯುತ್ತದೆ, ಹೊಸಬರು ಅದಕ್ಕೆ ತೊಗಲನ್ನು ಬೈಯುತ್ತಾರೆ. ಮಸೆದಷ್ಟೂ ಅಲಗು ಸವೆಯುತ್ತದೆ, ಸವೆದಷ್ಟೂ ಅದನ್ನು ಮುಂದೆ ತಳ್ಳಬೇಕು. ಹಳೆಯ ಯಂತ್ರ ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಅಲಗು ಎಷ್ಟು ಉಳಿದಿದೆ ಎಂಬುದನ್ನು. ಬಣ್ಣ ಹೊಸದಾಗಿ ಹೊಡೆದಿರುತ್ತಾರೆ, ಅದನ್ನು ನೋಡಿ ಮರುಳಾಗಬೇಡಿ.

ಕಾಕಾ ಮೊದಮೊದಲು ಈ ಯಂತ್ರದ ಹತ್ತಿರವೂ ಬರಲಿಲ್ಲ. "ಕೈಗೆ ತೊಗಲಿನ ದಪ್ಪ ಗೊತ್ತಾಗುತ್ತದೆ, ಇದಕ್ಕೆ ಏನು ಗೊತ್ತು?" ಎಂದರು. ಅವರ ಮಾತು ಸುಳ್ಳಲ್ಲ. ಹೊಟ್ಟೆಯ ಭಾಗದ ಸಡಿಲ ತೊಗಲನ್ನೂ ಬೆನ್ನಿನ ಗಟ್ಟಿ ತೊಗಲನ್ನೂ ಯಂತ್ರ ಒಂದೇ ಅಳತೆಯಲ್ಲಿ ಎಳೆಯುತ್ತದೆ, ಸಡಿಲ ಭಾಗ ಹಿಗ್ಗಿ ಹೆಚ್ಚು ಕೆತ್ತಿಹೋಗುತ್ತದೆ. ಈಗ ಅವರೇ ತುಂಡುಗಳನ್ನು ಮುಟ್ಟಿ ನೋಡಿ ಎರಡು ರಾಶಿ ಮಾಡಿಕೊಡುತ್ತಾರೆ, ರಾಶಿಗೊಮ್ಮೆ ಪಾದದ ಒತ್ತಡ ಬದಲಿಸುತ್ತೇವೆ.

ಮಡಚುವ ಯಂತ್ರಗಳು ಎರಡು ಬಗೆ

ಮೊದಲನೆಯದು ಅಂಟು ಇಲ್ಲದ್ದು. ಸಲ್ಯೂಷನ್ ನಾವೇ ಹಚ್ಚಿಕೊಡಬೇಕು. ಯಂತ್ರದ ಗೈಡ್ ಅಂಚನ್ನು ಎಬ್ಬಿಸಿ ಬಗ್ಗಿಸುತ್ತದೆ, ಸಣ್ಣ ಸುತ್ತಿಗೆಯೊಂದು ಟಕಟಕನೆ ಬಡಿಯುತ್ತಾ ಹೋಗುತ್ತದೆ. ನೇರ ಗೆರೆಯಲ್ಲಿ ಚುರುಕು. ಪರ್ಸಿನ ಒಳಗಿನ ಕಾರ್ಡ್ ಜೇಬುಗಳ ಮೇಲಂಚಿನಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕೆಡುವ ಭಾಗಗಳು ಕಡಿಮೆ. ಮೂಲೆ ಬಂದಾಗ ಮಾತ್ರ ಕೈಯೇ ಗತಿ.

ಎರಡನೆಯದು ಹಾಟ್‌ಮೆಲ್ಟ್. ಅಂಟಿನ ಹರಳು ಅಥವಾ ಕಡ್ಡಿಯನ್ನು ಯಂತ್ರವೇ ಕಾಯಿಸಿ ಕರಗಿಸುತ್ತದೆ, ನಾಜಲ್‌ನಿಂದ ಅಂಚಿನ ಒಳಮೈಗೆ ತೆಳುವಾಗಿ ಬಿಡುತ್ತದೆ, ಮಡಚಿ ಬಡಿಯುತ್ತದೆ. ಅಂಟು ಒಣಗಲು ಕಾಯಬೇಕಾಗಿಲ್ಲ. ಒಳಬಾಗಿದ ತಿರುವಿನಲ್ಲಿ ಮಡಿಕೆಯ ಅಂಚು ಹಿಗ್ಗಬೇಕಾಗುತ್ತದೆ, ಹಾಗಾಗಿ ಸಣ್ಣ ಚಾಕು ಅಲ್ಲಿ ಕಚ್ಚು ಹಾಕುತ್ತದೆ. ಹೊರಬಾಗಿದ ತಿರುವಿನಲ್ಲಿ ತೊಗಲು ಹೆಚ್ಚಾಗುತ್ತದೆ, ಅಲ್ಲಿ ಯಂತ್ರವೇ ನಿರಿಗೆ ಕೂಡಿಸುತ್ತದೆ. ಮಡಿಕೆಯೊಳಗೆ ಬಲಕ್ಕಾಗಿ ತೆಳುವಾದ ಟೇಪನ್ನು ಸೇರಿಸುವ ಏರ್ಪಾಡೂ ಇರುತ್ತದೆ. ಇಟಲಿಯ ಸಗಿಟ್ಟಾ ಇಂಥ ಯಂತ್ರಗಳಿಗೆ ಹೆಸರಾದ ಕಂಪನಿ. ಪರ್ಸು, ಬೆಲ್ಟುಗಳ ಯಂತ್ರಗಳಲ್ಲಿ ಅಲ್ಲಿಯದೇ ಓಮಾಕ್. ಇದೇ ತತ್ವದ ಚೀನೀ ಯಂತ್ರಗಳೂ ಬರುತ್ತವೆ. ಶೂ ಮೇಲ್ಭಾಗಗಳನ್ನು ದಿನವಿಡೀ ಮಡಚುವ ತಮಿಳುನಾಡಿನ ಆಂಬೂರು, ರಾಣಿಪೇಟೆಯ ಕಾರ್ಖಾನೆಗಳಿಗೆ ಇದು ಅನ್ನ ಕೊಡುವ ಯಂತ್ರ. ನಮ್ಮಂಥ ಹತ್ತು ಜನರ ಅಂಗಡಿಗೆ ಅದೇ ಮಾತು ಹೇಳಲಾರೆ.

ಕಾರಣ ನಮ್ಮ ಅನುಭವ. ಹೊಸ ಉತ್ಸಾಹದಲ್ಲಿ, ಬೇರೆಯವರು ಬಳಸಿ ಬಿಟ್ಟ ಹಾಟ್‌ಮೆಲ್ಟ್ ಯಂತ್ರವೊಂದನ್ನು ತಂದೆವು. ತೋರಿಸುವಾಗ ಮಾರಾಟಗಾರರು ತಮ್ಮದೇ ತುಂಡು ಹಾಕಿ ಗಜಗಟ್ಟಲೆ ಮಡಚಿ ತೋರಿಸಿದ್ದರು. ಮೃದುವಾದ ಕ್ರೋಮ್ ಹದದ ತೊಗಲು, ಮೊದಲೇ ಕೆತ್ತಿದ್ದು, ಪೂರಾ ನೇರ ಗೆರೆ. ನಮ್ಮ ಅಂಗಡಿಯಲ್ಲಿ ನಡೆದದ್ದು ಬೇರೆ. ಬೆಳಗಿನ ಕೆಲಸ ಶುರುವಾಗಿ ಅಂಟು ಕಾದು ಹದಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮತ್ತೆ ಬಂದಾಗ ಮತ್ತೆ ಕಾಯಿಸಬೇಕು. ನಡುವೆ ಚಹಾ, ಊಟ, ಗಿರಾಕಿ ಎಂದು ಯಂತ್ರವನ್ನು ಬಿಸಿಯಾಗಿಯೇ ಬಿಟ್ಟರೆ ಅಂಟು ಕಂದು ಬಣ್ಣಕ್ಕೆ ತಿರುಗಿ ನಾಜಲ್‌ನಲ್ಲಿ ಕರಿಯಾಗಿ ಕಟ್ಟಿಕೊಳ್ಳುತ್ತಿತ್ತು. ತಂತಿ ಹಾಕಿ ಕೆರೆದು, ಮೂರನೆಯ ತಿಂಗಳಿಗೆ ನಾಜಲ್ ಬಾಯಿ ಅಗಲವಾಗಿ ಹೋಯಿತು. ಎಲ್ಲಕ್ಕಿಂತ ಸಂಕಟವಾದದ್ದು ಖಣ ಹಾಕಿದಾಗ: ಬಿಸಿ ಅಂಟು ತೆಳು ಬಟ್ಟೆಯ ಎಳೆಗಳ ನಡುವಿನಿಂದ ಮುಂದಕ್ಕೆ ಜಿನುಗಿ, ಮಡಿಕೆಯ ಉದ್ದಕ್ಕೂ ಎಣ್ಣೆ ಬಿದ್ದಂಥ ಕಲೆ ಮಾಡಿತು. ಮೂವತ್ತು ತುಂಡು ಹಾಳು. "ಎರಡಕ್ಕೂ ಆಗುತ್ತದೆ" ಎಂದಿದ್ದವರು ಆಮೇಲೆ ಫೋನ್ ಎತ್ತಲಿಲ್ಲ.

ಹಾಗಾದರೆ ಹಾಟ್‌ಮೆಲ್ಟ್ ಯಾರಿಗೆ? ಒಂದೇ ನಮೂನೆಯ ತೊಗಲು, ಒಂದೇ ಮಾದರಿ, ದಿನಕ್ಕೆ ನೂರಾರು ತುಂಡು, ಯಂತ್ರದ ಮುಂದೆ ದಿನವಿಡೀ ಕೂರುವ ಒಬ್ಬ ಕೈ ಪಳಗಿದವರು, ನಿಲ್ಲದ ವಿದ್ಯುತ್ತು. ಇವಿಷ್ಟೂ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಒಂದು ಕೊರತೆಯಿದ್ದರೂ ತಡೆಯಿರಿ.

ಖಣದ ದಾರಿಯೇ ಬೇರೆ

ಬಟ್ಟೆಯ ಅಂಚಿಗೆ ಅಂಟು ಬೇಡ, ಹೊಲಿಗೆ ಬೇಕು. ಇಲ್ಲಿ ಮಡಚುವ ಕೆಲಸವನ್ನು ಹೊಲಿಗೆ ಯಂತ್ರಕ್ಕೆ ಕೂರಿಸುವ ಪುಟ್ಟ ತಗಡೇ ಮಾಡಿಬಿಡುತ್ತದೆ. ಅದನ್ನೇ ಫೋಲ್ಡರ್ ಎನ್ನುವುದು. ಬಟ್ಟೆ ಅದರೊಳಗೆ ಸುರುಳಿಯಾಗಿ ಹೊಕ್ಕು, ಮಡಿಕೆಯಾಗಿ ಸೂಜಿಯ ಕೆಳಗೆ ಬರುತ್ತದೆ. ಬೆಲೆಯಲ್ಲಿ ಯಂತ್ರದ ಮುಂದೆ ಇದು ಚಿಲ್ಲರೆ. ಆದರೆ ಒಂದೊಂದು ಅಗಲಕ್ಕೂ ಒಂದೊಂದು ಫೋಲ್ಡರ್ ಬೇಕು, ಬಟ್ಟೆಯ ದಪ್ಪ ಬದಲಾದರೂ ಬೇರೆಯದೇ ಬೇಕಾಗಬಹುದು.

ಸೀರೆ ಅಂಗಡಿಗಳ ಪಕ್ಕದಲ್ಲಿ ಪಿಕೋ ಫಾಲ್ ಎಂದು ಫಲಕ ಹಾಕಿಕೊಂಡವರ ಯಂತ್ರ ತೆಳುವಾದ ಸೆರಗಿಗೆ ಸರಿ, ಚೀಲಕ್ಕೆ ಅಲ್ಲ. ಓವರ್‌ಲಾಕ್ ಎಳೆ ಬಿಚ್ಚದಂತೆ ಕಟ್ಟುತ್ತದೆ, ಮಡಚುವುದಿಲ್ಲ. ಅಸ್ತರಿನ ಒಳಗೆ ಅಡಗುವ ಅಂಚಿಗೆ ಅಷ್ಟೇ ಸಾಕು, ಅದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ.

ಖಣದ ಬ್ಯಾಗಿಗೆ ನಿಜವಾಗಿ ಒದಗುವುದು ಬೈಂಡರ್. ಅಂಚನ್ನು ಮಡಚುವ ಬದಲು ಅದಕ್ಕೆ ಬೇರೊಂದು ಪಟ್ಟಿಯನ್ನು ಸುತ್ತಿ ಹೊಲಿಯುತ್ತದೆ. ಪಟ್ಟಿ ಬಟ್ಟೆಯದಾದರೆ ಓರೆಯಾಗಿ, 45 ಡಿಗ್ರಿಯಲ್ಲಿ ಕತ್ತರಿಸಿದ್ದಿರಬೇಕು. ನಮ್ಮ ಸಿಂಪಿಗರು ಉರೇಬ್ ಪಟ್ಟಿ ಎನ್ನುವುದು ಇದನ್ನೇ. ನೇರ ಕತ್ತರಿಸಿದ ಪಟ್ಟಿ ತಿರುವಿನಲ್ಲಿ ಸುಕ್ಕುಗಟ್ಟುತ್ತದೆ. ಅಗಲದ ಲೆಕ್ಕ ಬರೆದಿಟ್ಟುಕೊಳ್ಳಿ: ಎರಡೂ ಬದಿ ಒಳಮಡಚುವ ಪಟ್ಟಿಗೆ, ಮುಗಿದ ಮೇಲೆ ಕಾಣಬೇಕಾದ ಅಗಲದ ನಾಲ್ಕರಷ್ಟು, ಅದರ ಮೇಲೆ ಒಳಗಿನ ಪದರಗಳ ದಪ್ಪಕ್ಕೆ ಎರಡು ಮೂರು ಮಿ.ಮೀ. 6 ಮಿ.ಮೀ. ಕಾಣಬೇಕೆಂದರೆ 26ರಿಂದ 27 ಮಿ.ಮೀ. ಪಟ್ಟಿ. ಬಟ್ಟೆಯ ಬದಲು ಕೆತ್ತಿ ತೆಳುಗೊಳಿಸಿದ ಆಡಿನ ತೊಗಲಿನ ಪಟ್ಟಿ ಹಾಕಿದರೆ ಖಣ ಇನ್ನಷ್ಟು ಮೆರೆಯುತ್ತದೆ, ತೊಗಲಿನ ಅಂಚು ಬಿಚ್ಚದ ಕಾರಣ ಅದನ್ನು ಒಳಮಡಚುವ ಗೋಜೂ ಇಲ್ಲ. ಆಗ ಎರಡರಷ್ಟು ಅಗಲ, ಮೇಲೆ ದಪ್ಪದ ಪಾಲು ಸಾಕು.

ಬೈಂಡರ್ ಕೂರಿಸಲು ಸಾದಾ ಚಪ್ಪಟೆ ಮೇಜಿನ ಯಂತ್ರವೂ ಆಗುತ್ತದೆ. ಹೊಲಿದು ಆಕಾರಕ್ಕೆ ಬಂದ ಚೀಲದ ಬಾಯಿಗೆ ಪಟ್ಟಿ ಹಾಕುವುದಿದ್ದರೆ ಮಾತ್ರ ತೋಳಿನಂತೆ ಚಾಚಿದ ಸಿಲಿಂಡರ್ ಬೆಡ್ ಯಂತ್ರವೇ ಬೇಕು. ಅದರಲ್ಲಿಯೂ ಪಾದ, ಸೂಜಿ, ಬಟ್ಟೆ ದೂಡುವ ಹಲ್ಲು ಮೂರೂ ಒಟ್ಟಿಗೆ ನಡೆಯುವಂಥದ್ದು ನೋಡಿ. ಮೇಲೆ ತೊಗಲು, ಕೆಳಗೆ ಖಣ ಇದ್ದಾಗ ಸಾದಾ ಯಂತ್ರ ಕೆಳಗಿನದನ್ನು ಮುಂದೆ ಒಯ್ದು ಮೇಲಿನದನ್ನು ಹಿಂದೆ ಬಿಡುತ್ತದೆ.

ಖಣವನ್ನು ಮಡಚಲೇಬೇಕಾದ ಕಡೆ, ಉದಾಹರಣೆಗೆ ಜೇಬಿನ ಬಾಯಿಗೆ, ಹಿಂದೆ ಪೇಸ್ಟಿಂಗ್ (ಬಿಸಿಗೆ ಅಂಟುವ ಒಳಬಟ್ಟೆ) ಇಸ್ತ್ರಿ ಮಾಡಿಕೊಳ್ಳಿ. ಎಳೆ ಬಿಚ್ಚುವುದೂ ನಿಲ್ಲುತ್ತದೆ, ಮಡಿಕೆಯೂ ಗರಿಗರಿಯಾಗಿ ನಿಲ್ಲುತ್ತದೆ. ಮಡಿಕೆಯ ಗೆರೆಯ ಮೇಲೆ ಪೇಸ್ಟಿಂಗ್ ಬರದಂತೆ ಒಂದು ಮಿ.ಮೀ. ಹಿಂದೆ ಸರಿಸಿದರೆ ಇನ್ನೂ ಚೆನ್ನ. ರೇಷ್ಮೆ ಇರುವ ಖಣಕ್ಕೆ ಇಸ್ತ್ರಿಯ ಬಿಸಿ ಇಳಿಸಿ, ತೆಳು ಬಟ್ಟೆ ಮುಚ್ಚಿ ಒತ್ತಿ.

ನಿಮ್ಮ ಅಂಚು ದಿನಕ್ಕೆ ಎಷ್ಟು ಮೀಟರ್?

ಯಂತ್ರ ಬೇಕೋ ಬೇಡವೋ ಎನ್ನುವುದನ್ನು ತುಂಡುಗಳ ಎಣಿಕೆಯಿಂದ ತೀರ್ಮಾನಿಸಬೇಡಿ, ಅಂಚಿನ ಉದ್ದದಿಂದ ತೀರ್ಮಾನಿಸಿ. ನಮ್ಮ ಒಂದು ಪರ್ಸಿನ ಹೊರಮೈ 22 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ, ಸುತ್ತಳತೆ 84 ಸೆಂ.ಮೀ. ಒಳಗೆ ಆರು ಕಾರ್ಡ್ ಜೇಬು, ಒಂದೊಂದರ ಮೇಲಂಚು 9.5 ಸೆಂ.ಮೀ.; ಒಟ್ಟು 57. ಎರಡೂ ಕೂಡಿ 1.41 ಮೀಟರ್. ದಿನಕ್ಕೆ ನಲವತ್ತು ಪರ್ಸು ಎಂದರೆ 56 ಮೀಟರ್ ಚಿಲ್ಲರೆ. ಗಡಿಯಾರ ಇಟ್ಟು ನೋಡಿದಾಗ ನಮ್ಮವರ ಕೈಗೆ, ಕೆತ್ತುವುದನ್ನು ಬಿಟ್ಟು, ಒಂದು ಮೀಟರ್ ಮಡಚಲು ನಾಲ್ಕು ನಿಮಿಷ ಬೇಕಾಯಿತು. ಅಲ್ಲಿಗೆ ಮೂರೂಮುಕ್ಕಾಲು ತಾಸು. ಅದರಲ್ಲಿ ನೇರ ಗೆರೆ ಎಷ್ಟು, ತಿರುವು ಎಷ್ಟು ಎಂದು ಬಿಡಿಸಿ ನೋಡಿದಾಗ ಬಹುಪಾಲು ನೇರವೇ ಆಗಿತ್ತು. ಹಾಗಾಗಿ ಅಂಟು ಇಲ್ಲದ, ಬಡಿಯುವ ಯಂತ್ರ ತಂದೆವು. ಮೂಲೆಗಳು ಕಾಕಾನ ಪಾಲಿಗೆ ಉಳಿದವು. ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ತಾಸಿಗಿಂತ ಕಡಿಮೆ ಬಂದರೆ ಸ್ಕೈವಿಂಗ್ ಯಂತ್ರವೊಂದೇ ಸಾಕು, ಮಡಚುವುದು ಕೈಯಲ್ಲೇ ಇರಲಿ.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಸಲ್ಯೂಷನ್ ಹಚ್ಚಿ ಮುಗಿಸುವಷ್ಟರಲ್ಲಿ ಒಣಗಿರುತ್ತದೆ. ಗೇಣು ಗೇಣು ಹಚ್ಚಿ ಮಡಚಬೇಕಾಗುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ತೊಗಲು ತೇವ ಕುಡಿದು ಕೂತಿರುತ್ತದೆ, ಅಂಟು ಹಿಡಿಯಲು ತಡ ಮಾಡುತ್ತದೆ. ಬಾಗಿಲು ಹಾಕಿಕೊಂಡು ಸಲ್ಯೂಷನ್ ಬಳಸುವವರು ತಲೆಸುತ್ತು ಬಂದಮೇಲೆ ಕಿಟಕಿ ತೆರೆಯುವ ಬದಲು ಮೊದಲೇ ಎದುರುಬದುರು ಕಿಟಕಿ ಇರುವ ಕಡೆ ಮೇಜು ಹಾಕಿಕೊಳ್ಳುವುದು ಒಳ್ಳೆಯದು. ಯಾವ ಯಂತ್ರ ಕೊಂಡರೂ ಮೋಟರು ಸರ್ವೋ, ಅಂದರೆ ತುಳಿದಾಗ ಮಾತ್ರ ತಿರುಗುವಂಥದ್ದು, ಇರಲಿ. ಹಳೆಯ ಕ್ಲಚ್ ಮೋಟರು ಹೊಲಿಗೆ ನಿಂತಾಗಲೂ ತಿರುಗುತ್ತಲೇ ಇದ್ದು ಕರೆಂಟು ತಿನ್ನುತ್ತದೆ, ಸದ್ದೂ ಹೆಚ್ಚು.

ದುಡ್ಡಿನ ಮಾತು ಎರಡೇ ಸಾಲು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಪಾದರಕ್ಷೆ ಮಾಡುವವರೂ ದರ್ಜಿಗಳೂ ಸೇರಿದ್ದಾರೆ. ಸಲಕರಣೆಗೆ 15,000 ರೂಪಾಯಿವರೆಗೆ, ಮೇಲೆ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಸಲಕರಣೆಯ ದುಡ್ಡಿನಲ್ಲಿ ಒಳ್ಳೆಯ ಕೈ ಹತ್ಯಾರಗಳನ್ನೂ ಫೋಲ್ಡರ್‌ಗಳನ್ನೂ ಕೊಳ್ಳಿ, ಸ್ಕೈವಿಂಗ್ ಯಂತ್ರಕ್ಕೆ ಸಾಲದ ಮೊದಲ ಕಂತು ನೋಡಿಕೊಳ್ಳಿ.

ನೋಡಲು ಹೋಗುವಾಗ ನಿಮ್ಮದೇ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ: ಹೊಟ್ಟೆಯ ಭಾಗದ ಸಡಿಲ ತೊಗಲು ಒಂದು, ದುಂಡು ಮೂಲೆಯದು ಒಂದು, ಒಳಬಾಗಿದ ತಿರುವಿನದು ಒಂದು, ಪೇಸ್ಟಿಂಗ್ ಇಲ್ಲದ ಖಣ ಒಂದು. ಅವರ ತುಂಡನ್ನು ಅವರು ಮಡಚಲಿ, ನಿಮ್ಮದನ್ನು ನೀವೇ ಕುಳಿತು ಮಡಚಿ. ಮಡಚಿದ್ದನ್ನು ಮನೆಗೆ ತಂದು ಎರಡು ದಿನ ಬಿಸಿಲಲ್ಲಿಟ್ಟು ಅಂಟು ಬಿಡುತ್ತದೆಯೇ ನೋಡಿ, ಆಮೇಲೆ ಮುಂಗಡದ ಮಾತು.

ಬಿಡಿಭಾಗದ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಉದ್ಯಮಬಾಗ್‌ನ ಲೇಥ್ ಅಂಗಡಿಗಳಲ್ಲಿ ಗೈಡ್ ಸವೆದರೆ ಹೊಸದು, ಸುತ್ತಿಗೆಯ ತುದಿ ಚಪ್ಪಟೆಯಾದರೆ ಅದರ ಜೋಡಿ, ಹಳೆಯದನ್ನು ಕೊಟ್ಟು ಬಂದರೆ ಸಂಜೆಗೆ ಮಾಡಿಟ್ಟಿರುತ್ತಾರೆ. ಅಲ್ಲಿ ಮಾಡಲಾಗದವು ಕೆಲವಿವೆ: ಸ್ಕೈವಿಂಗ್ ಯಂತ್ರದ ಅಲಗು, ಒರಟು ಕಲ್ಲಿನ ಉರುಳೆ, ಹಾಟ್‌ಮೆಲ್ಟ್‌ನ ನಾಜಲ್ ಮತ್ತು ಹೀಟರ್. ಇವನ್ನು ಒಂದೊಂದು ಹೆಚ್ಚಿಗೆ ಯಂತ್ರದ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಮಾರುವ ದಿನ ಚೌಕಾಸಿಗೆ ಒಪ್ಪುವವರು ಆರು ತಿಂಗಳ ಮೇಲೆ ಅದೇ ಅಲಗಿಗೆ ಬಾಯಿಗೆ ಬಂದ ಬೆಲೆ ಹೇಳುತ್ತಾರೆ.